ಸಹಾಯವಾಣಿಯ ಚೀಟಿ ಕೊಟ್ಟ ಮೇಲೆ ಆಕೆ ಮತ್ತೆ ಬರಲಿಲ್ಲ

ಪ್ರಶ್ನೆ: ನಾನು ಸಣ್ಣ ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ನರ್ಸ್. ಎರಡು ತಿಂಗಳಲ್ಲಿ ಮೂರು ಸಲ ಬಂದ ಮಹಿಳೆಯೊಬ್ಬರು ಪ್ರತಿ ಸಲವೂ "ಬಿದ್ದೆ", "ಬಾಗಿಲು ತಾಗಿತು" ಎನ್ನುತ್ತಿದ್ದರು. ಮೂರನೇ ಸಲ ಗಂಡ ಬಿಲ್ ಕಟ್ಟಲು ಹೋದಾಗ ಸಹಾಯವಾಣಿಯ ಸಂಖ್ಯೆ ಇದ್ದ ಕರಪತ್ರವನ್ನು ಅವರ ಕೈಯಲ್ಲಿಟ್ಟೆ. ಆಮೇಲೆ ಅವರು ಬರಲೇ ಇಲ್ಲ. ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರ ಜೊತೆ ಕೆಲಸ ಮಾಡುವ ನಮ್ಮಂಥವರು ಯಾವ ಸಾಮಗ್ರಿ ಇಟ್ಟುಕೊಂಡಿರಬೇಕು? ಏನು ಕೇಳಬೇಕು, ಏನು ಬರೆದಿಡಬೇಕು, ಏನು ಕೊಟ್ಟು ಕಳಿಸಬೇಕು?

ಉತ್ತರ: ಆ ಕರಪತ್ರದಿಂದಲೇ ಶುರು ಮಾಡೋಣ. ಮಡಚಿದ ಕಾಗದ ಆಕೆಯ ಪರ್ಸ್‌ನಲ್ಲಿ ಮನೆಗೆ ಹೋಗುತ್ತದೆ. ಪರ್ಸ್ ತಡಕುವುದು, ಫೋನಿನಲ್ಲಿ ಯಾರ ಕರೆ ಬಂದಿದೆ ಎಂದು ನೋಡುವುದು, ನರ್ಸ್ ಜೊತೆ ಅಷ್ಟು ಹೊತ್ತು ಏನು ಮಾತು ಎಂದು ಕೆದಕುವುದು, ಇವೆಲ್ಲ ಹೆಂಡತಿಯನ್ನು ಹಿಡಿತದಲ್ಲಿಟ್ಟುಕೊಳ್ಳುವವನ ದಿನಚರಿ. ಕಾಗದ ಅವನಿಗೆ ಸಿಕ್ಕಿತೆಂದರೆ ನಿಮ್ಮ ಆಸ್ಪತ್ರೆಯ ಬಾಗಿಲು ಆಕೆಗೆ ಮುಚ್ಚಿದ ಹಾಗೆಯೇ. ನಿಮ್ಮಲ್ಲಿ ಹಾಗೇ ಆಯಿತು ಎನ್ನುತ್ತಿಲ್ಲ. ಆಕೆ ಬಾರದಿರುವುದಕ್ಕೆ ಬೇರೆ ಹತ್ತು ಕಾರಣ ಇರಬಹುದು. ಆದರೆ ಇನ್ನು ಮುಂದೆ ನೀವು ಬಳಸುವ ಯಾವ ಸಾಮಗ್ರಿಯನ್ನೇ ಆಗಲಿ, ಪ್ರಶ್ನಾವಳಿ, ಆ್ಯಪ್, ಕೇಸ್ ಶೀಟ್, ಒಂದೇ ಒರೆಗೆ ಹಚ್ಚಿ ನೋಡಿ: ಇದು ಅವನ ಕಣ್ಣಿಗೆ ಬಿದ್ದರೆ ಆಕೆಗೆ ಏನಾಗುತ್ತದೆ?

ಹಾಗಾಗಿ ಕರಪತ್ರವನ್ನು ಕೈಗೆ ಕೊಡುವ ಬದಲು ಮಹಿಳೆಯರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ಅಲ್ಲಿ ಆಕೆ ಒಬ್ಬಳೇ ಇರುತ್ತಾಳೆ, ಓದಲು ಒಂದೆರಡು ನಿಮಿಷವೂ ಸಿಗುತ್ತದೆ. ಏನನ್ನಾದರೂ ಕೊಡುವ ಮುಂಚೆ "ಇದನ್ನು ಇಟ್ಟುಕೊಳ್ಳಲು ನಿಮಗೆ ಸುರಕ್ಷಿತ ಜಾಗ ಇದೆಯೇ?" ಎಂದು ಕೇಳಿ. ಇಲ್ಲ ಎಂದರೆ ಕೊಡಬೇಡಿ. ಸಂಖ್ಯೆಯನ್ನು ಬಾಯಿಪಾಠ ಮಾಡಿಸಬಹುದು. ಅದಕ್ಕಿಂತ ಒಳ್ಳೆಯದು ನಿಮ್ಮ ಕೋಣೆಯ ಫೋನಿನಿಂದಲೇ ಅಲ್ಲೇ ಕರೆ ಮಾಡಿಸುವುದು. ಆ ಮಾತಿಗೆ ಮತ್ತೆ ಬರುತ್ತೇನೆ.

ಇನ್ನು ಕೇಳುವ ವಿಷಯ. ಮೊದಲು ಬೇಕಾದದ್ದು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ. ಪರದೆ ಸಾಲದು, ಅದು ಕಣ್ಣಿಗೆ ಮರೆ, ಕಿವಿಗಲ್ಲ. ಜೊತೆಗೆ ಬಂದವರನ್ನು ಹೊರಗಿಡಲು "ಪರೀಕ್ಷೆಯ ಮೊದಲ ಹತ್ತು ನಿಮಿಷ ರೋಗಿ ಒಬ್ಬರೇ ಇರಬೇಕು" ಎಂಬ ನಿಯಮವನ್ನು ಎಲ್ಲ ರೋಗಿಗಳಿಗೂ ಮಾಡಿಬಿಡಿ, ಬೋರ್ಡ್ ಹಾಕಿ. ಇವರೊಬ್ಬರಿಗೇ ಆ ನಿಯಮ ಹೇಳಿದರೆ ಗಂಡನಿಗೆ ಅನುಮಾನ ಬರುತ್ತದೆ. ಬೋರ್ಡ್ ಇಲ್ಲದ ದಿನ ಮೂತ್ರದ ಸ್ಯಾಂಪಲ್, ತೂಕ, ಎಕ್ಸ್-ರೇ ಇವೇ ನೆಪ. ಎರಡು ವರ್ಷ ದಾಟಿದ ಮಗು ಪಕ್ಕದಲ್ಲಿದ್ದರೆ ಕೇಳಬೇಡಿ. ಕೇಳಿಸಿಕೊಂಡದ್ದನ್ನು ಅದು ಮನೆಯಲ್ಲಿ ಹಾಗೇ ಒಪ್ಪಿಸುತ್ತದೆ. ಭಾಷೆ ಬಾರದಿದ್ದರೆ ನೆಂಟರನ್ನು, ಅಕ್ಕಪಕ್ಕದ ಮನೆಯವರನ್ನು ಅನುವಾದಕ್ಕೆ ಕೂರಿಸಬೇಡಿ. ಆ ಭಾಷೆಯವರು ನಿಮ್ಮ ಕಡೆ ಬೆರಳೆಣಿಕೆಯಷ್ಟೇ ಇದ್ದರೆ ದೂರದ ಅನುವಾದಕರನ್ನು ಫೋನಿನಲ್ಲಿ ಹಿಡಿಯುವುದು ಕ್ಷೇಮ, ಅವರಿಗೂ ಆಕೆಯ ಹೆಸರು ಹೇಳಬೇಕಾಗಿಲ್ಲ.

ಬಂದವರನ್ನೆಲ್ಲ ಕೇಳಬೇಕೇ ಎಂಬ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಬೇಡ ಎಂದೇ ಹೇಳಿದೆ. ಲಕ್ಷಣಗಳು ಕಂಡಾಗ ಕೇಳಿ. ಅದೂ ಏಕಾಂತ, ತರಬೇತಿ, ಮುಂದೆ ಕಳಿಸುವ ವ್ಯವಸ್ಥೆ ಇವೆಲ್ಲ ಇದ್ದರೆ ಮಾತ್ರ. ಗಾಯಕ್ಕೂ ಹೇಳುವ ಕಾರಣಕ್ಕೂ ಹೊಂದದಿರುವುದು, ಗಾಯವಾಗಿ ಎಷ್ಟೋ ದಿನದ ಮೇಲೆ ಬರುವುದು, ಕಾರಣ ಸಿಗದ ಹಳೆಯ ನೋವು, ಮತ್ತೆ ಮತ್ತೆ ಬರುವ ಮೂತ್ರನಾಳದ ಸೋಂಕು, ಆತ್ಮಹತ್ಯೆಯ ಯೋಚನೆ, ತಡವಾಗಿ ಶುರುವಾದ ಗರ್ಭಿಣಿ ತಪಾಸಣೆ, ಪ್ರತಿ ಪ್ರಶ್ನೆಗೂ ತಾನೇ ಉತ್ತರಿಸುವ ಗಂಡ: ಇವೆಲ್ಲ ಲಕ್ಷಣಗಳೇ. ಆದರೆ ಗರ್ಭಿಣಿ ಎಂಬ ಕಾರಣಕ್ಕೇ ಕೇಳುವುದು ತಪ್ಪಲ್ಲ. ತಪಾಸಣೆಗೆ ಹಲವು ಸಲ ಬರುವುದರಿಂದ ನಂಬಿಕೆ ಬೆಳೆಯಲು ಅಲ್ಲಿ ಅವಕಾಶ ಇದೆ.

ಕೇಳುವ ಮುನ್ನವೇ ಗುಟ್ಟಿನ ಮಿತಿ ಹೇಳಿಬಿಡಿ. "ನೀವು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ. ಆದರೆ ಮಕ್ಕಳಿಗೆ ಅಪಾಯವಿದ್ದರೆ, ನಿಮ್ಮ ಜೀವಕ್ಕೆ ಅಪಾಯವಿದ್ದರೆ ನಾನು ತಿಳಿಸಲೇಬೇಕಾಗುತ್ತದೆ" ಎಂಬ ಧಾಟಿಯಲ್ಲಿ, ನಿಮ್ಮಲ್ಲಿಯ ಕಾನೂನು ಏನು ವರದಿ ಮಾಡಲು ಹೇಳುತ್ತದೋ ಅದಕ್ಕೆ ತಕ್ಕಂತೆ. ಎಲ್ಲ ಹೇಳಿಸಿಕೊಂಡ ಮೇಲೆ "ಇದನ್ನು ಪೊಲೀಸರಿಗೆ ತಿಳಿಸಬೇಕು" ಎಂದರೆ ಆಕೆ ಇನ್ನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಪ್ರಶ್ನೆ ನೇರವಾಗಿರಲಿ, ದನಿ ಮೆತ್ತಗಿರಲಿ: "ಇಂಥ ಗಾಯ ಯಾರಾದರೂ ಹೊಡೆದಾಗ ಆಗುತ್ತದೆ. ನಿಮಗೆ ಹಾಗೇನಾದರೂ ಆಯಿತೇ?" "ದೌರ್ಜನ್ಯ", "ಹಿಂಸೆ" ಎಂಬ ಪದಗಳನ್ನು ನೀವಾಗಿ ಎತ್ತಬೇಡಿ. ಎಷ್ಟೋ ಜನ ತಮಗಾಗುತ್ತಿರುವುದನ್ನು ಆ ಹೆಸರಿನಿಂದ ಗುರುತಿಸುವುದೇ ಇಲ್ಲ. ಹೊಡೆಯುವುದು, ತಳ್ಳುವುದು, ದುಡ್ಡು ಕೊಡದಿರುವುದು, ಬೇಡವೆಂದರೂ ಮೈಮೇಲೆ ಬರುವುದು ಎಂದು ಕ್ರಿಯೆಯ ಹೆಸರೇ ಹೇಳಿ ಕೇಳಿ. ಆಕೆ ಇಲ್ಲ ಎಂದರೆ ಇಲ್ಲ. ಒತ್ತಾಯ ಬೇಡ. "ಸರಿ. ಎಂದಾದರೂ ಮಾತಾಡಬೇಕೆನಿಸಿದರೆ ಕಾಲುನೋವು ಎಂದು ಹೇಳಿ ಬನ್ನಿ, ನನ್ನನ್ನೇ ಕೇಳಿ" ಎಂದರೆ ಮುಂದಿನ ಸಲಕ್ಕೆ ದಾರಿ ಇಟ್ಟಂತೆ.

ಹೂಂ ಎಂದರೆ? ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೊರತಂದ ವೈದ್ಯಕೀಯ ಕೈಪಿಡಿಯಲ್ಲಿ ಇದಕ್ಕೆ 'ಲೈವ್ಸ್' ಎಂಬ ಐದು ಹೆಜ್ಜೆಯ ಕ್ರಮವಿದೆ: ಕೇಳಿಸಿಕೊಳ್ಳಿ, ಆಕೆಗೆ ಏನು ಬೇಕೆಂದು ವಿಚಾರಿಸಿ, ನಂಬಿದ್ದೇನೆ ಎಂದು ತಿಳಿಸಿ, ಸುರಕ್ಷತೆ ಹೆಚ್ಚಿಸಿ, ನೆರವಿನ ಕೊಂಡಿ ಜೋಡಿಸಿ. ಉಚಿತವಾಗಿ ಸಿಗುತ್ತದೆ, ಒಂದೇ ಸಾಮಗ್ರಿ ಇಟ್ಟುಕೊಳ್ಳಬೇಕೆಂದರೆ ಅದನ್ನೇ ಇಟ್ಟುಕೊಳ್ಳಿ. ಐದರಲ್ಲಿ ನಮ್ಮವರು ಎಡವುವುದು ಎರಡನೆಯದರಲ್ಲಿ. ಆಕೆಗೆ ಆ ಕ್ಷಣ ಬೇಕಾದದ್ದು ಮಗುವಿನ ಹಾಲಿನ ಪುಡಿಯೋ, ಗರ್ಭನಿರೋಧಕವೋ, ಒಂದು ರಾತ್ರಿಯ ನಿದ್ದೆಯೋ ಇರಬಹುದು. ನಾವು ಆಗಲೇ ವಕೀಲರ ಸಂಖ್ಯೆ ಹುಡುಕುತ್ತಿರುತ್ತೇವೆ. "ಇಷ್ಟು ದಿನ ಯಾಕೆ ಸಹಿಸಿಕೊಂಡಿರಿ?" ಎಂಬ ಮಾತನ್ನಂತೂ ನಾಲಿಗೆಯ ಮೇಲೆ ತರಲೇಬೇಡಿ. ಕೇಳುವವರಿಗೆ ಅದು ಕನಿಕರ, ಕೇಳಿಸಿಕೊಳ್ಳುವವಳಿಗೆ ತಪ್ಪು ನಿನ್ನದೇ ಎಂಬ ತೀರ್ಪು.

ಪ್ರಶ್ನಾವಳಿಗಳು ಹಲವು ಇವೆ. 'ಹಿಟ್ಸ್' ತೀರಾ ಚಿಕ್ಕದು: ಸಂಗಾತಿ ಹೊಡೆಯುವುದು, ಅವಮಾನಿಸುವುದು, ಬೆದರಿಸುವುದು, ಕಿರುಚಾಡುವುದು ಎಷ್ಟು ಸಲ ಎಂಬ ನಾಲ್ಕು ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 10 ದಾಟಿದರೆ ದೌರ್ಜನ್ಯ ನಡೆಯುತ್ತಿದೆ ಎಂಬ ಸೂಚನೆ. ಇದನ್ನು ಗಂಡನ ಪಕ್ಕದಲ್ಲಿ ಕೂರಿಸಿ ಕಾಗದದ ಮೇಲೆ ತುಂಬಿಸಿದರೆ ಬಂದ ಅಂಕಕ್ಕೆ ಅರ್ಥವಿಲ್ಲ, ಅಪಾಯವಂತೂ ಇದೆ. ಲೈಂಗಿಕ ಬಲವಂತದ ಬಗ್ಗೆ ಅದು ಕೇಳುವುದೇ ಇಲ್ಲ ಎಂಬುದೂ ನೆನಪಿರಲಿ.

ಹೊಡೆತ ಇದೆ ಎಂದು ಗೊತ್ತಾಗುವುದು ಬೇರೆ, ಕೊಲೆಯ ಅಪಾಯ ಎಷ್ಟು ಎಂದು ಅಳೆಯುವುದು ಬೇರೆ. ಎರಡನೆಯದಕ್ಕೆ ಅಮೆರಿಕದ ನರ್ಸಿಂಗ್ ಸಂಶೋಧಕಿ ಜಾಕ್ವೆಲಿನ್ ಕ್ಯಾಂಬೆಲ್ 1985ರಲ್ಲಿ ರೂಪಿಸಿದ 'ಡೇಂಜರ್ ಅಸೆಸ್‌ಮೆಂಟ್' ಇದೆ. ಈಗಿನ ರೂಪದಲ್ಲಿ 20 ಪ್ರಶ್ನೆ. ತೂಕ ಹಾಕಿ, ಅಂದರೆ ಹೆಚ್ಚು ಅಪಾಯದ ಉತ್ತರಗಳಿಗೆ ಹೆಚ್ಚು ಅಂಕ ಕೊಟ್ಟು, ಕೂಡಿಸಿದ ಅಂಕ 18 ಅಥವಾ ಹೆಚ್ಚಿದ್ದರೆ ಅತ್ಯಂತ ಗಂಭೀರ ಅಪಾಯ. ತೂಕ ಹಾಕಲು ತರಬೇತಿ ಬೇಕು. ಆದರೆ ಅದರ ಮೊದಲ ಪುಟವನ್ನು ಯಾರು ಬೇಕಾದರೂ ಬಳಸಬಹುದು, ಅದು ಕಳೆದ ವರ್ಷದ ಕ್ಯಾಲೆಂಡರ್. ಆಕೆಯ ಕೈಗೆ ಪೆನ್ನು ಕೊಟ್ಟು ಹೊಡೆತ ಬಿದ್ದ ದಿನಗಳನ್ನು ಅಂದಾಜಿನಲ್ಲಿ ಗುರುತು ಮಾಡಿಸುತ್ತೀರಿ. ತಳ್ಳಿದ್ದು, ಕೆನ್ನೆಗೆ ಹೊಡೆದದ್ದಾದರೆ 1. ಗುದ್ದಿ ಒದ್ದು ನೋವು ಉಳಿದರೆ 2. ಮೂಳೆ ಮುರಿದರೆ, ಸುಟ್ಟರೆ 3. ಆಯುಧ ತೋರಿಸಿ ಬೆದರಿಸಿದರೆ ಅಥವಾ ತಲೆಗೆ, ಒಳಗೆ ಪೆಟ್ಟಾದರೆ 4. ಆಯುಧ ಬಳಸಿದರೆ 5. ದಿನಾಂಕ ನೆನಪಿಲ್ಲ ಎನ್ನುತ್ತಾರೆ. ಹಬ್ಬ, ಮಗುವಿನ ಹುಟ್ಟುಹಬ್ಬ, ಸಂಬಳದ ದಿನ ಎಂದು ಹಿಡಿದುಕೊಂಡು ಹೋದರೆ ನೆನಪು ಬಿಚ್ಚಿಕೊಳ್ಳುತ್ತದೆ. ಚೌಕಗಳಲ್ಲಿ ವರ್ಷದ ಮೊದಲ ಭಾಗಕ್ಕೆ ಅಲ್ಲೊಂದು ಇಲ್ಲೊಂದು 1, ಕೊನೆಯ ಎರಡು ತಿಂಗಳಿಗೆ ಸಾಲಾಗಿ 2, 3. "ಮೊದಲಿನ ಥರಾನೇ ಇದೆ" ಎಂದಿದ್ದವರು ತಾವೇ ಬರೆದ ಆ ಅಂಕಿಗಳನ್ನು ನೋಡಿ ಸುಮ್ಮನಾಗುತ್ತಾರೆ. ನೀವು ಹೇಳಿ ಒಪ್ಪಿಸುವ ಅಗತ್ಯವೇ ಬೀಳುವುದಿಲ್ಲ. ಕ್ಯಾಲೆಂಡರ್ ನಿಮ್ಮ ಫೈಲಿನಲ್ಲಿ ಉಳಿಯಲಿ, ಮನೆಗೆ ಹೋಗುವುದು ಬೇಡ.

ಸಮಯ ಇಲ್ಲದ ತುರ್ತು ವಿಭಾಗಕ್ಕೆ ಇದರದೇ ಐದು ಪ್ರಶ್ನೆಗಳ ರೂಪವಿದೆ: ಹೊಡೆತ ಹೆಚ್ಚಾಗಿದೆಯೇ, ಆಯುಧ ಬಳಸಿದ್ದಾನೆಯೇ ಅಥವಾ ಅದರಿಂದ ಬೆದರಿಸಿದ್ದಾನೆಯೇ, ಕೊಲ್ಲಬಲ್ಲ ಎಂದು ನಿಮಗನಿಸುತ್ತದೆಯೇ, ಕತ್ತು ಹಿಸುಕಿದ್ದಾನೆಯೇ, ಸದಾ ವಿಪರೀತ ಸಂಶಯ ಪಡುತ್ತಾನೆಯೇ. ಬ್ರಿಟನ್‌ನಲ್ಲಿ ಬಳಸುವ 'ಡ್ಯಾಶ್' ಪಟ್ಟಿಯಲ್ಲಿ 24 ಪ್ರಶ್ನೆ. ಸಾಮಾನ್ಯವಾಗಿ 14ಕ್ಕೆ ಹೌದು ಎಂದರೆ ಪೊಲೀಸ್, ಆರೋಗ್ಯ, ವಸತಿ, ಮಕ್ಕಳ ಇಲಾಖೆಯವರೆಲ್ಲ ಒಂದೇ ಮೇಜಿನ ಸುತ್ತ ಕೂತು ಆ ಒಂದು ಪ್ರಕರಣ ಚರ್ಚಿಸುತ್ತಾರೆ. ಈ ಪದ್ಧತಿ 2003ರಲ್ಲಿ ಕಾರ್ಡಿಫ್‌ನಲ್ಲಿ ಶುರುವಾಯಿತು. ಅಂಥ ಸಭೆ ನಿಮ್ಮಲ್ಲಿ ಇಲ್ಲದಿದ್ದರೂ ಪಟ್ಟಿ ಕೆಲಸಕ್ಕೆ ಬರುತ್ತದೆ. ಎಚ್ಚರ ಇಷ್ಟೇ: ಅಂಕ ಕಡಿಮೆ ಬಂತೆಂದು ನಿರಾಳವಾಗಬೇಡಿ, ಅದು ಬೂದಿ ಮುಚ್ಚಿದ ಕೆಂಡ ಇರಬಹುದು. ಆಕೆ "ನನ್ನನ್ನು ಕೊಲ್ಲುತ್ತಾನೆ" ಎಂದರೆ ಅಂಕ ಎಷ್ಟೇ ಇರಲಿ, ನಂಬಿ. "ಛೇ, ಅಷ್ಟೆಲ್ಲ ಮಾಡಲ್ಲ" ಎಂದರೆ ಮಾತ್ರ ಅದೊಂದನ್ನೇ ನಂಬಿ ಕೂರಬೇಡಿ. ಕೊಲೆಯಾದವರಲ್ಲಿ, ಕೊಲೆಯತ್ನದಿಂದ ಬದುಕಿ ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಪಾಯ ಅಷ್ಟಿದೆ ಎಂಬ ಅರಿವಿರಲಿಲ್ಲ ಎಂದು ಕ್ಯಾಂಬೆಲ್ ಅವರ ತಂಡದ ಅಧ್ಯಯನ ಕಂಡುಕೊಂಡಿತು.

ಕತ್ತು ಹಿಸುಕಿದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಆಸ್ಪತ್ರೆಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ. ಒಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡು ಬದುಕಿದ ಮಹಿಳೆ ಮುಂದೆ ಅವನಿಂದಲೇ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗಿಂತ ಹೆಚ್ಚು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೂ ಕತ್ತಿನ ಮೇಲೆ ಗುರುತೇ ಇಲ್ಲದ ಪ್ರಕರಣ ಬಹಳ. ಹೊರಗೆ ಏನೂ ಕಾಣದಿದ್ದರೂ ಒಳಗೆ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯ ಒಳಪದರ ಹರಿದಿರಬಹುದು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಗಂಟೆಗಳ, ದಿನಗಳ ನಂತರ ಪಾರ್ಶ್ವವಾಯು ತರಬಹುದು. "ಕತ್ತು ಹಿಸುಕಿದನೇ?" ಎಂದರೆ ಅನೇಕರು ಇಲ್ಲ ಎನ್ನುತ್ತಾರೆ, ಅವರ ಲೆಕ್ಕದಲ್ಲಿ ಅದು "ಕುತ್ತಿಗೆ ಹಿಡಿದ", "ಗೋಡೆಗೆ ಒತ್ತಿದ". ಹೀಗೆ ಕೇಳಿ: ಅವನ ಕೈ, ತೋಳು, ಬಟ್ಟೆ, ಏನಾದರೂ ಕತ್ತಿನ ಸುತ್ತ ಬಂದಿತ್ತೇ? ಉಸಿರು ಕಟ್ಟಿತೇ? ಕಣ್ಣು ಕತ್ತಲೆ ಬಂತೇ? ನಡುವೆ ಒಂದಷ್ಟು ಹೊತ್ತು ನೆನಪಿಲ್ಲವೇ? ಬಟ್ಟೆಯಲ್ಲೇ ಮೂತ್ರ ಹೋಯಿತೇ? ಈ ಕೊನೆಯದನ್ನು ತಾವಾಗಿ ಯಾರೂ ಹೇಳುವುದಿಲ್ಲ, ಆದರೆ ಪ್ರಜ್ಞೆ ತಪ್ಪಿತ್ತು ಎಂಬುದಕ್ಕೆ ಅದು ಬಲವಾದ ಸುಳಿವು.

ನೋಡಬೇಕಾದದ್ದು: ಧ್ವನಿ ಒಡೆದಿದೆಯೇ, ಎಂಜಲು ನುಂಗುವಾಗ ಮುಖ ಹಿಂಡುತ್ತಾರೆಯೇ, ಕೆಳರೆಪ್ಪೆ ಎಳೆದರೆ ಒಳಗೆ, ಕಿವಿಯ ಹಿಂದೆ, ಕೂದಲ ಬುಡದಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳಿವೆಯೇ, ಗದ್ದದ ಕೆಳಗೆ ಉಗುರಿನ ಗೀರು ಇದೆಯೇ. ಗೀರು ಎಷ್ಟೋ ಸಲ ಅವನ ಕೈ ಬಿಡಿಸಿಕೊಳ್ಳಲು ಹೋದ ಆಕೆಯದೇ ಉಗುರಿನದು. ಅದನ್ನು "ತಾನೇ ಮಾಡಿಕೊಂಡದ್ದು" ಎಂದು ಬರೆದ ದಾಖಲೆ ಮುಂದೆ ಆಕೆಗೇ ತಿರುಗಿಬೀಳುತ್ತದೆ. ಇಂಥ ಇತಿಹಾಸ ಇದ್ದವರಿಗೆ ಕತ್ತಿನ ಸಿ.ಟಿ. ಆ್ಯಂಜಿಯೋಗ್ರಾಮ್ ಬೇಕೇ ಎಂದು ಡ್ಯೂಟಿ ಡಾಕ್ಟರನ್ನು ನೀವೇ ಕೇಳಿ. ಗರ್ಭಿಣಿಯಾದರೆ ಮಗುವಿನ ತಪಾಸಣೆಯೂ ಆಗಲಿ. ಮನೆಗೆ ಹೋದ ಮೇಲೆ ಉಸಿರು ಕಟ್ಟಿದರೆ, ಮಾತು ತೊದಲಿದರೆ, ಒಂದು ಕಡೆ ಕೈಕಾಲು ಸೋತರೆ ತಕ್ಷಣ ಬರಬೇಕೆಂದು ಹೇಳಿ. ಇನ್ನೊಂದು ವಿಷಯ: ಮಿದುಳಿಗೆ ಆಮ್ಲಜನಕ ನಿಂತಿದ್ದವರ ಹೇಳಿಕೆ ಹಿಂದುಮುಂದಾಗಿರುತ್ತದೆ. ಅದನ್ನು ಸುಳ್ಳು ಎಂದು ಓದಬೇಡಿ.

ಬರೆದಿಡುವುದು ಹೇಗೆ? ಆಕೆಯ ಮಾತು ಆಕೆಯ ಪದಗಳಲ್ಲೇ, ಉದ್ಧರಣ ಚಿಹ್ನೆಯೊಳಗೆ ಇರಲಿ: "ರಾತ್ರಿ ಊಟ ಆದಮೇಲೆ ಗಂಡ ಎಡಗೈಯಿಂದ ಜುಟ್ಟು ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದ." "ರೋಗಿ ಆರೋಪಿಸುತ್ತಾಳೆ" ಎಂದು ಬರೆಯಬೇಡಿ, ಹೊಟ್ಟೆನೋವು ಇದೆ ಎಂದವರ ಬಗ್ಗೆ ಹಾಗೆ ಬರೆಯುತ್ತೇವೆಯೇ? "ರೋಗಿ ಹೇಳಿದರು" ಸಾಕು. ಮುಂದೆ-ಹಿಂದೆ ದೇಹದ ರೇಖಾಚಿತ್ರದ ಮೇಲೆ ಪ್ರತಿ ಗಾಯದ ಜಾಗ ಗುರುತಿಸಿ, ಉದ್ದ-ಅಗಲ ಸೆಂಟಿಮೀಟರ್‌ನಲ್ಲಿ, ಆಕಾರ, ಬಣ್ಣ ಬರೆಯಿರಿ. ಬಣ್ಣ ನೋಡಿ "ಮೂರು ದಿನದ ಗಾಯ" ಎಂದು ಊಹೆ ಬೇಡ. ಬಣ್ಣದಿಂದ ವಯಸ್ಸು ಹೇಳುವುದು ನಂಬಲರ್ಹವಲ್ಲ, ನ್ಯಾಯಾಲಯದಲ್ಲಿ ಆ ಒಂದು ಸಾಲು ಇಡೀ ದಾಖಲೆಯನ್ನು ಕೆಡಿಸಬಹುದು. ಒಪ್ಪಿಗೆ ಇದ್ದರೆ ಫೋಟೋ: ಮುಖ ಕಾಣುವಂತೆ ಒಂದು, ಗಾಯ ದೇಹದ ಯಾವ ಭಾಗದ್ದೆಂದು ತಿಳಿಯುವಂತೆ ಒಂದು, ಹತ್ತಿರದಿಂದ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು, ಇಡದೆ ಒಂದು. ಒಂದೆರಡು ದಿನದ ನಂತರ ಕಂದಿದ ಗುರುತು ಇನ್ನೂ ಸ್ಪಷ್ಟವಾಗುವುದರಿಂದ ಆಗಲೂ ತೆಗೆಯುವುದು ಒಳ್ಳೆಯದು. ನಿಮ್ಮ ಸ್ವಂತ ಫೋನಿನಲ್ಲಿ ಬೇಡವೇ ಬೇಡ. ಇಷ್ಟೆಲ್ಲ ಬರೆದದ್ದು ಒಳಗಿನ ಫೈಲಿನಲ್ಲಿರಲಿ. ಕೈಗೆ ಕೊಡುವ ಡಿಸ್ಚಾರ್ಜ್ ಸಮ್ಮರಿ, ಬಿಲ್, ವಿಮೆಯ ಕಾಗದ, ಗಂಡನ ಫೋನಿಗೆ ಹೋಗುವ ಎಸ್ಸೆಮ್ಮೆಸ್ ಇವುಗಳಲ್ಲಿ ಗಾಯಕ್ಕೆ ಕೊಟ್ಟ ಚಿಕಿತ್ಸೆ ಮಾತ್ರ.

ಫೋನಿನ ವಿಷಯಕ್ಕೆ ಬಂದರೆ, ಒಳ್ಳೆಯ ಮನಸ್ಸಿನವರು ಮಾಡುವ ತಪ್ಪು ಗೂಢಚಾರ ಆ್ಯಪ್ ಕಂಡ ಕೂಡಲೇ ಅಳಿಸುವುದು. ಅಳಿಸಿದ್ದು ಅವನಿಗೆ ತಕ್ಷಣ ಗೊತ್ತಾಗುತ್ತದೆ, ಸಾಕ್ಷ್ಯವೂ ಹೋಗುತ್ತದೆ. ಪಾಸ್‌ವರ್ಡ್ ಬದಲಾಯಿಸುವುದು, ಲೊಕೇಷನ್ ಆಫ್ ಮಾಡುವುದೂ ಹಾಗೆಯೇ. ಆ ಫೋನು ಹಾಗೇ ಇರಲಿ. ಸಹಾಯ ಹುಡುಕುವ ಮಾತು ಬೇರೆ ಫೋನಿನಿಂದ ನಡೆಯಲಿ. ಬದಲಾವಣೆ ಮಾಡುವುದು ಆಕೆ ಹೊರಡುವ ದಿನ, ಯೋಜನೆಯ ಭಾಗವಾಗಿ. ಮಕ್ಕಳ ಟ್ಯಾಬ್, ಇಬ್ಬರೂ ಬಳಸುವ ಇಮೇಲ್ ಖಾತೆ ಮರೆತುಹೋಗುವ ಎರಡು ಕಿಂಡಿಗಳು. ಬ್ಯಾಗಿನಲ್ಲೋ ವಾಹನದಲ್ಲೋ ಬಚ್ಚಿಟ್ಟ ಬ್ಲೂಟೂತ್ ಟ್ರ್ಯಾಕರ್ ಬಗ್ಗೆ ಐಫೋನ್, ಆ್ಯಂಡ್ರಾಯ್ಡ್ ಎರಡರಲ್ಲೂ ಪರಸ್ಪರ ಎಚ್ಚರಿಕೆ ಕೊಡುವ ವ್ಯವಸ್ಥೆ 2024ರ ಮೇ ತಿಂಗಳಿಂದ ಇದೆ.

ಸುರಕ್ಷತಾ ಯೋಜನೆ ಎಂದರೆ "ಬಿಟ್ಟು ಹೋಗುವ ಯೋಜನೆ" ಎಂದು ತಿಳಿಯುವವರೇ ಹೆಚ್ಚು. ಬಿಟ್ಟು ಹೋಗುವ ಹೊತ್ತು, ಹೋದ ನಂತರದ ವಾರಗಳೇ ಅತಿ ಅಪಾಯದ ಕಾಲ. ಸಿದ್ಧತೆ ಇಲ್ಲದೆ ಹೊರಡಿಸಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಅಲ್ಲೇ ಇರುತ್ತೇನೆ ಎನ್ನುವವರಿಗೂ ಯೋಜನೆ ಬೇಕು. ಜಗಳ ಏರುತ್ತಿದ್ದಂತೆ ಅಡುಗೆಮನೆ, ಬಚ್ಚಲು ಬಿಟ್ಟು ಹೊರಬಾಗಿಲಿರುವ ಕೋಣೆಗೆ ಸರಿಯುವುದು. ಪಕ್ಕದವರೊಂದಿಗೆ ಒಂದು ಗುಪ್ತ ಪದ. ಮಕ್ಕಳಿಗೆ ನಡುವೆ ಬರಬೇಡ, ಓಡಿಹೋಗಿ ಇಂಥವರನ್ನು ಕರೆ ಎಂಬ ಪಾಠ. ಗುರುತಿನ ಚೀಟಿ, ಬ್ಯಾಂಕ್ ಕಾಗದ, ಮಕ್ಕಳ ದಾಖಲೆ, ಔಷಧಿ, ಒಂದಿಷ್ಟು ನಗದು, ಇನ್ನೊಂದು ಕೀಲಿ ಇವುಗಳ ಚೀಲ ನಂಬಿಕಸ್ಥರ ಮನೆಯಲ್ಲಿರಲಿ. ಮೂಲ ಕಾಗದ ಕಾಣೆಯಾದರೆ ಅವನಿಗೆ ತಿಳಿಯುವಂತಿದ್ದರೆ ನಕಲು ಸಾಕು. ಯೋಜನೆಯನ್ನು ಆಕೆಯೇ ಹೇಳಲಿ, ನೀವು ಕೇಳುತ್ತಾ ಹೋಗಿ. ಅವನ ಸಿಟ್ಟಿನ ಸುಳಿವು ಆಕೆಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ.

ಈಗ ಆ ಫೋನ್ ಕರೆ. ಸಂಖ್ಯೆ ಕೊಟ್ಟು ಕಳಿಸುವುದಕ್ಕೂ, ನಿಮ್ಮ ಕೋಣೆಯಿಂದ ನೀವೇ ಡಯಲ್ ಮಾಡಿ, ಎರಡು ಮಾತಲ್ಲಿ ವಿಷಯ ಹೇಳಿ, ರಿಸೀವರ್ ಆಕೆಯ ಕೈಗೆ ಕೊಡುವುದಕ್ಕೂ ಬಹಳ ಅಂತರವಿದೆ. ಎರಡನೆಯದರಲ್ಲಿ ಆಕೆ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿಲ್ಲ, ಕರೆಯ ಗುರುತು ಆಕೆಯ ಫೋನಿನಲ್ಲಿ ಉಳಿಯುವುದಿಲ್ಲ. ಇದು ನಡೆಯಬೇಕಾದರೆ ನಿಮ್ಮ ಬಳಿ ಇರುವ ಪಟ್ಟಿ ಜೀವಂತ ಇರಬೇಕು. ಬಹುಪಾಲು ಕಚೇರಿಗಳ ಗೋಡೆಯ ಮೇಲಿನ ಪಟ್ಟಿಯಲ್ಲಿ ಅರ್ಧ ಸಂಖ್ಯೆ ಸತ್ತಿರುತ್ತವೆ. ಮೂರು ತಿಂಗಳಿಗೊಮ್ಮೆ ಪ್ರತಿ ಸಂಖ್ಯೆಗೂ ಕರೆ ಮಾಡಿ, ರಾತ್ರಿ ಹೊತ್ತು ಒಮ್ಮೆಯಾದರೂ ಮಾಡಿ. ಆಶ್ರಯ ಕೇಂದ್ರದವರನ್ನು ಕೇಳಬೇಕಾದದ್ದು: ಗಂಡುಮಗನಿಗೆ ಎಷ್ಟು ವಯಸ್ಸಿನವರೆಗೆ ಪ್ರವೇಶ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ, ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರನ್ನು ಸೇರಿಸಿಕೊಳ್ಳುತ್ತಾರೆಯೇ, ಗುರುತಿನ ಚೀಟಿ ಇಲ್ಲದಿದ್ದರೆ ಏನು, ಕೆಲಸಕ್ಕೆ ಹೋಗಿ ಬರಬಹುದೇ. ಹದಿಮೂರರ ಮಗನನ್ನು ಬಾಗಿಲಲ್ಲೇ ತಡೆದರೆ ಆ ತಾಯಿ ಅವನ ಜೊತೆ ವಾಪಸ್ ಮನೆಗೇ ಹೋಗುತ್ತಾಳೆ. ಹೊಡೆತ ತಿನ್ನುವ ಗಂಡಸರೂ ಇದ್ದಾರೆ, ಅವರನ್ನು ಎಲ್ಲಿಗೆ ಕಳಿಸುವುದು ಎಂಬ ಒಂದು ಸಾಲೂ ಪಟ್ಟಿಯಲ್ಲಿರಲಿ.

ಕಳಿಸಬಾರದ ಜಾಗವೂ ಒಂದಿದೆ: ದಂಪತಿ ಆಪ್ತಸಮಾಲೋಚನೆ. ಭಯದ ಹಿಡಿತ ನಡೆಯುತ್ತಿರುವಾಗ ಇಬ್ಬರನ್ನೂ ಎದುರುಬದುರು ಕೂರಿಸಿದರೆ ಆಕೆ ನಿಜ ಹೇಳಿದ್ದಕ್ಕೆ ಆ ರಾತ್ರಿಯೇ ಬೆಲೆ ತೆರುತ್ತಾಳೆ, ಇಲ್ಲವೇ ಸುಳ್ಳು ಹೇಳಿ "ಈಗ ಎಲ್ಲ ಸರಿಯಿದೆ" ಎಂಬ ದಾಖಲೆ ಮಾಡಿಸಿಕೊಂಡು ಹೋಗುತ್ತಾಳೆ. ಗಂಡನನ್ನು ಕರೆಸಿ ಬುದ್ಧಿ ಹೇಳುವುದೂ ಇದೇ ಜಾತಿಯದು.

ನಿಮ್ಮ ಬಗ್ಗೆಯೂ ಒಂದು ಮಾತು. ಇಂಥವನ್ನು ದಿನಾ ಕೇಳುವವರಿಗೆ ನಿದ್ದೆ ಕೆಡುತ್ತದೆ, ಮನೆಯವರ ಮೇಲೆ ಸಿಡುಕು ಬರುತ್ತದೆ, ಅಥವಾ ಏನು ಕೇಳಿದರೂ ಏನೂ ಅನಿಸದಂತಾಗುತ್ತದೆ. ಇನ್ನೊಬ್ಬರ ನೋವು ಕೇಳುವ ಕೆಲಸ ನಿಮ್ಮನ್ನು ಎಷ್ಟು ದಣಿಸಿದೆ ಎಂದು ತೋರಿಸುವ 'ಪ್ರೋಕ್ವಾಲ್' ಎಂಬ 30 ಪ್ರಶ್ನೆಗಳ ಉಚಿತ ಪ್ರಶ್ನಾವಳಿಯನ್ನು ಆರು ತಿಂಗಳಿಗೊಮ್ಮೆ ನೀವೇ ತುಂಬಿಕೊಳ್ಳಬಹುದು. ಹಿರಿಯರೊಬ್ಬರ ಜೊತೆ ಕೂತು ಪ್ರಕರಣಗಳನ್ನು ಬಿಡಿಸಿ ಮಾತಾಡುವ ಗಂಟೆಯೊಂದನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಸಿ. ಬಿಡುವಾದಾಗ ನೋಡೋಣ ಎಂದರೆ ಬಿಡುವಾಗುವುದಿಲ್ಲ.

ಕೊನೆಯದಾಗಿ ರಿಸೆಪ್ಷನ್. ನೀವೆಷ್ಟು ಜಾಗ್ರತೆ ವಹಿಸಿದರೂ "ನಾನು ಅವಳ ಅಣ್ಣ, ಇವತ್ತು ಅಲ್ಲಿಗೆ ಬಂದಿದ್ದಾಳಾ?" ಎಂಬ ಫೋನಿಗೆ "ಹೌದು ಸರ್, ಈಗಷ್ಟೇ ಹೋದ್ರು" ಎಂಬ ಒಂದು ಸಾಲು ಎಲ್ಲವನ್ನೂ ಮುಗಿಸಿಬಿಡುತ್ತದೆ. ಅಲ್ಲಿ ಕೂರುವ ಪ್ರತಿಯೊಬ್ಬರಿಗೂ, ಪಾಳಿ ಬದಲಾದವರಿಗೂ, ಒಂದೇ ವಾಕ್ಯ ಕಲಿಸಿ, ಫೋನಿನ ಪಕ್ಕ ಅಂಟಿಸಿ: "ಯಾರು ಬಂದಿದ್ದರು, ಬಂದಿಲ್ಲ ಎಂಬುದನ್ನು ನಾವು ಫೋನಿನಲ್ಲಿ ಯಾರಿಗೂ ಹೇಳುವುದಿಲ್ಲ." ಬಂದಿಲ್ಲ ಎಂಬ ಸುಳ್ಳೂ ಬೇಡ, ಒಬ್ಬರ ವಿಷಯದಲ್ಲಿ "ಬಂದಿಲ್ಲ", ಇನ್ನೊಬ್ಬರ ವಿಷಯದಲ್ಲಿ "ಹೇಳಲಾಗದು" ಎಂದರೆ ಎರಡನೆಯದೇ ಉತ್ತರವಾಗಿಬಿಡುತ್ತದೆ.